ಸನ್ನಿ ಕೊರಿಂಥೋಸ್‌ನ ಕೋಪ ಕಾಯಿಲೆಯದೋ, ಕಸುಬಿನದೋ?

ಹೇಮಾವತಿ ದಂಡೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಅಮೆರಿಕದ ಎಬಿಸಿ ವಾಹಿನಿಯಲ್ಲಿ 1963ರ ಏಪ್ರಿಲ್ 1ರಂದು ಆರಂಭವಾಗಿ ಇಂದಿಗೂ ನಿಲ್ಲದ ‘ಜನರಲ್ ಹಾಸ್ಪಿಟಲ್’ ಧಾರಾವಾಹಿಯ ವೀಕ್ಷಕರು ಇಲ್ಲಿ ಕೆಲವರಾದರೂ ಇರಬಹುದೆಂದು ಭಾವಿಸಿ ಈ ಪ್ರಶ್ನೆ ಕೇಳುತ್ತಿದ್ದೇನೆ. ಮಗಳ ಬಾಣಂತನಕ್ಕೆಂದು ನ್ಯೂಜೆರ್ಸಿಗೆ ಬಂದಿರುವ ನಾನು, ಮಧ್ಯಾಹ್ನ ಮಗು ಮಲಗಿದ ಹೊತ್ತಿನಲ್ಲಿ ಇದನ್ನು ನೋಡಲಾರಂಭಿಸಿ, ಈಗ ಹಳೆಯ ಕಂತುಗಳನ್ನೂ ಹುಡುಕಿಕೊಂಡು ನೋಡುವ ಹಂತಕ್ಕೆ ಬಂದಿದ್ದೇನೆ. ಪೋರ್ಟ್ ಚಾರ್ಲ್ಸ್ ಎಂಬ ಕಲ್ಪಿತ ಊರಿನ ಡಾನ್ ಸನ್ನಿ ಕೊರಿಂಥೋಸ್ ಹೊರನೋಟಕ್ಕೆ ಕಾಫಿ ಆಮದು ಮಾಡುವ ವ್ಯಾಪಾರಿ. ಸಕಲೇಶಪುರದ ಕಾಫಿ ತೋಟದ ಮನೆಯಲ್ಲಿ ಬೆಳೆದ ನನಗೆ ಮೊದಲು ನಗು ತರಿಸಿದ್ದೇ ಅದು. ಎರಡನೆಯದು ಅವನ ಹೆಸರು. ಅವರ ಭಾಷೆಯಲ್ಲಿ ಅದು ಮುದ್ದಿನ ಹೆಸರಾದರೂ ನಮ್ಮ ಕಿವಿಗೆ ಸನ್ನಿ ಹಿಡಿಯುವ ಸನ್ನಿಯೇ ಅಲ್ಲವೇ?

ಆದರೆ ನಗು ಅಲ್ಲಿಗೇ ನಿಂತಿತು. ಈ ಪಾತ್ರಕ್ಕೆ ಬೈಪೋಲಾರ್, ಅಂದರೆ ಅತಿಯಾದ ಉನ್ಮಾದವೂ ಖಿನ್ನತೆಯೂ ಬಂದುಹೋಗುವ ಮನೋರೋಗವಿದೆ. ಊರಿನಲ್ಲಿರುವ ನನ್ನ ತಮ್ಮನಿಗೂ ಇದೆ; ಹನ್ನೊಂದು ವರ್ಷಗಳಿಂದ ಅವನು ಲಿಥಿಯಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾನೆ, ತೋಟ ನೋಡಿಕೊಳ್ಳುತ್ತಿದ್ದಾನೆ. ಕೂಲಿಯ ಲೆಕ್ಕ ತಪ್ಪಿತೆಂದು ಅವನು ಸ್ವಲ್ಪ ದನಿ ಏರಿಸಿದರೂ ಸಾಕು, ಮನೆಯವರು “ಇವತ್ತು ಮಾತ್ರೆ ತಗೊಂಡ್ಯಾ?” ಎಂದು ಕೇಳುತ್ತಾರೆ. ಸನ್ನಿ ವಿಸ್ಕಿ ಲೋಟವನ್ನು ಗೋಡೆಗೆ ಅಪ್ಪಳಿಸುವಾಗಲೆಲ್ಲ ನನಗೆ ನೆನಪಾಗುವುದು ಆ ಪ್ರಶ್ನೆಯೇ. ಇಂಥ ಪಾತ್ರದಿಂದ ಈ ಕಾಯಿಲೆಯವರೆಲ್ಲ ಅಪಾಯಕಾರಿಗಳು ಎಂಬ ಭಾವನೆ ಬಲಿಯುವುದಿಲ್ಲವೇ?

ಹಳೇ ಕಂತು:

ನಮಸ್ಕಾರ, ಅಕ್ಕ. ಈ ದೇಶಕ್ಕೆ ಬಂದಂದಿನಿಂದ ಈ ಧಾರಾವಾಹಿಯನ್ನು ನೋಡುತ್ತಿರುವವನಾದ್ದರಿಂದ ಮೊದಲು ಕಾಲಕ್ರಮವನ್ನು ಹೇಳುತ್ತೇನೆ. ನಿಮ್ಮ ಪ್ರಶ್ನೆಯ ಅರ್ಧ ಉತ್ತರ ಅದರಲ್ಲೇ ಇದೆ. ಸನ್ನಿ ಕಥೆಗೆ ಬಂದದ್ದು 1993ರ ಆಗಸ್ಟಿನಲ್ಲಿ. ಮಲತಂದೆ ಡೀಕ್‌ನಿಂದ ಹೊಡೆತ ತಿಂದು, ಕತ್ತಲ ಕೋಣೆಯಲ್ಲಿ ಕೂಡಿಹಾಕಿಸಿಕೊಂಡು ಬೆಳೆದವನೆಂಬ ಹಿನ್ನೆಲೆಯೂ, ಭೂಗತ ಲೋಕದ ನಂಟೂ, ಲೋಟ ಒಡೆಯುವ ಚಾಳಿಯೂ ಆಗಿನಿಂದಲೇ ಇದ್ದವು. ಕಾಯಿಲೆಗೆ ಬೈಪೋಲಾರ್ ಎಂಬ ಹೆಸರು ಬಿದ್ದದ್ದು 2006ರಲ್ಲಿ. ಅಂದರೆ ಹದಿಮೂರು ವರ್ಷ ಅವನು ಯಾವ ರೋಗನಿರ್ಣಯವೂ ಇಲ್ಲದೆ ಡಾನ್ ಆಗಿದ್ದ. 2014ರಲ್ಲಿ ಎ.ಜೆ. ಕ್ವಾರ್ಟರ್‌ಮೇನ್‌ಗೆ ಅವನು ಗುಂಡಿಕ್ಕಿದ್ದು ತನ್ನ ಪ್ರೇಯಸಿ ಕಾನಿಯನ್ನು ಕೊಂದವನು ಎ.ಜೆ.ಯೇ ಎಂಬ ತಪ್ಪು ನಂಬಿಕೆಯಿಂದ. ಅದು ಸೇಡು, ಅದನ್ನು ಕಾಯಿಲೆಯ ಲೆಕ್ಕಕ್ಕೆ ಬರೆಯಲಾಗದು.

ನನಗೆ ತಕರಾರಿರುವುದು ಬೇರೆ ಕಡೆ. ವಾರಕ್ಕೆ ಐದು ದಿನ ನಡೆಯುವ ಧಾರಾವಾಹಿಗೆ ಬಿಕ್ಕಟ್ಟು ಬೇಕು. ಮಾತ್ರೆ ನುಂಗಿ, ನಿದ್ದೆ ಮಾಡಿ, ಬೆಳಿಗ್ಗೆ ಎದ್ದು ಕೆಲಸಕ್ಕೆ ಹೋಗುವ ಸನ್ನಿಯಿಂದ ಕಥೆ ಹುಟ್ಟುವುದಿಲ್ಲ. ಹಾಗಾಗಿ ಅವನು ನೆಟ್ಟಗಿರುವ ವರ್ಷಗಳಲ್ಲಿ ಕಾಯಿಲೆಯ ಮಾತೇ ಬರುವುದಿಲ್ಲ, ಬಂದರೆ ಮಾತ್ರೆಯಲ್ಲಿ ಯಾರಾದರೂ ಕೈಯಾಡಿಸಿರುತ್ತಾರೆ. 2016ರಲ್ಲಿ ಅದೇ ಕಾಯಿಲೆಯಿದ್ದ ಮಗ ಮಾರ್ಗನ್‌ನ ಮಾತ್ರೆಗಳನ್ನು ಸನ್ನಿಯ ಇನ್ನೊಂದು ಮಗುವಿನ ತಾಯಿ ಏವಾ ಬದಲಾಯಿಸಿದಳು, 2024ರಲ್ಲಿ ಸನ್ನಿಯ ಲಿಥಿಯಂಗೇ ಆ ಗತಿ ಬಂತು. ನಿಮ್ಮ ತಮ್ಮನವರ ಹನ್ನೊಂದು ವರ್ಷಗಳಂಥ ವರ್ಷಗಳು ಸನ್ನಿಯ ಬಾಳಿನಲ್ಲೂ ಇವೆ, ಆದರೆ ಅವು ತೆರೆಯ ಮೇಲೆ ಬರುವುದಿಲ್ಲ.

ಆ ಕೊರತೆಯನ್ನು ತುಂಬಿದವರು ನಟ ಮಾರಿಸ್ ಬೆನಾರ್ಡ್. ಅವರಿಗೂ ಇದೇ ಕಾಯಿಲೆ. ಗೊತ್ತಾದದ್ದು ಇಪ್ಪತ್ತೆರಡನೆಯ ವಯಸ್ಸಿನಲ್ಲಿ. 1993ರಲ್ಲಿ ಈ ಪಾತ್ರಕ್ಕೆ ಸೇರಿದಾಗ ಅವರು ಲಿಥಿಯಂ ಬಿಟ್ಟಿದ್ದರು, ಕೆಲವೇ ವಾರಗಳಲ್ಲಿ ಕುಸಿದರು. ಮತ್ತೆ ಮಾತ್ರೆ ಹಿಡಿದು ಅದೇ ಪಾತ್ರದಲ್ಲಿ ಮೂವತ್ತು ವರ್ಷ ದಾಟಿದ್ದಾರೆ, 2003, 2019 ಮತ್ತು 2021ರಲ್ಲಿ ಡೇಟೈಮ್ ಎಮ್ಮಿ ಪ್ರಶಸ್ತಿ ಪಡೆದಿದ್ದಾರೆ. 2020ರಲ್ಲಿ ಬಂದ ಅವರ ಆತ್ಮಕಥೆಯ ಶೀರ್ಷಿಕೆಯಲ್ಲಿ ಪ್ರೀತಿಯ ಪಕ್ಕದಲ್ಲೇ ಲಿಥಿಯಂಗೂ ಜಾಗವಿದೆ. ನಿಮ್ಮ ಮನೆಯವರಿಗೆ ತೋರಿಸುವುದಾದರೆ ಸನ್ನಿಯನ್ನಲ್ಲ, ಬೆನಾರ್ಡ್ ಅವರನ್ನು ತೋರಿಸಿ.

ರಾತ್ರಿ ಪಾಳಿ:

ನಾನು ಮನೋರೋಗ ವಿಭಾಗದಲ್ಲಿ ಶುಶ್ರೂಷಕಿಯಾಗಿದ್ದವಳು. ಹಿಂದಿನವರ ಮಾತಿಗೆ ಒಂದು ತಿದ್ದುಪಡಿ ಬೇಕೆನಿಸುತ್ತದೆ. ಕೋಪಕ್ಕೂ ಈ ಕಾಯಿಲೆಗೂ ಸಂಬಂಧವೇ ಇಲ್ಲ ಎನ್ನಲಾಗದು, ಏಕೆಂದರೆ ಉನ್ಮಾದದ ಅವಧಿಯಲ್ಲಿ ಸಿಡುಕು ಒಂದು ಲಕ್ಷಣವಾಗಿರಬಹುದು. ಆದರೆ ಉನ್ಮಾದವೆನ್ನುವುದು ಒಂದು ಗಳಿಗೆಯ ರೇಗಾಟವಲ್ಲ. ಸಾಮಾನ್ಯವಾಗಿ ಕನಿಷ್ಠ ಒಂದು ವಾರ, ದಿನದ ಬಹುಪಾಲು ಇರುವ ಸ್ಥಿತಿ ಅದು: ಎರಡು ಮೂರು ಗಂಟೆ ಮಲಗಿದರೂ ದಣಿವಿಲ್ಲ, ಮಾತು ಓಡುತ್ತದೆ, ಸಾಲ ಮಾಡಿ ಖರ್ಚು ಮಾಡುವಂಥ ದೊಡ್ಡ ಯೋಜನೆಗಳು ತಲೆಯಲ್ಲಿ ಸಾಲುಗಟ್ಟುತ್ತವೆ. ಕೂಲಿಯ ಲೆಕ್ಕ ತಪ್ಪಿದಾಗ ದನಿ ಏರಿಸಿ, ಊಟದ ಹೊತ್ತಿಗೆ ತಣ್ಣಗಾಗುವವನು ತೋಟದ ಯಜಮಾನನಷ್ಟೇ. ಅವರ ಮನೆಯವರು ಕೋಪವನ್ನು ಕಾಯುವುದನ್ನು ಬಿಟ್ಟು ನಿದ್ದೆಯನ್ನು ಗಮನಿಸಿದರೆ ಹೆಚ್ಚು ಉಪಯೋಗ. ಅವರಿಗೆ ಯಾರೊಂದಿಗಾದರೂ ಮಾತನಾಡಬೇಕೆನಿಸಿದರೆ ಭಾರತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯಲ್ಲಿ ಕನ್ನಡದಲ್ಲೇ ಮಾತನಾಡಬಹುದು.

ಮಾತ್ರೆ ಬದಲಾಯಿಸುವ ಕಥೆಯ ಬಗ್ಗೆ ನನಗೆ ವೃತ್ತಿಯ ಅಸಮಾಧಾನವಿದೆ. ಲಿಥಿಯಂನ ಗುಣಕಾರಿ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಬಹಳ ಕಡಿಮೆ. ದೀರ್ಘಕಾಲದ ಚಿಕಿತ್ಸೆಯಲ್ಲಿ ರಕ್ತದಲ್ಲಿ ಲೀಟರಿಗೆ ಸುಮಾರು 0.6ರಿಂದ 1.0 ಮಿಲಿಮೋಲ್‌ನೊಳಗೆ ಇರಿಸುತ್ತಾರೆ, 1.5 ದಾಟಿದರೆ ಅಪಾಯ. ಆದ್ದರಿಂದಲೇ ನಿಯಮಿತ ರಕ್ತಪರೀಕ್ಷೆ, ಜೊತೆಗೆ ಮೂತ್ರಪಿಂಡ ಮತ್ತು ಥೈರಾಯ್ಡ್ ತಪಾಸಣೆ. ಸನ್ನಿಯ ವೈದ್ಯರು ಅದನ್ನು ಸರಿಯಾಗಿ ಮಾಡಿಸುತ್ತಿದ್ದರೆ ಏವಾಳಂಥವರ ಗುಟ್ಟು ಮುಂದಿನ ಪರೀಕ್ಷೆಯಲ್ಲೇ ಬಯಲಾಗಬೇಕಿತ್ತು. ಕಥೆ ಮಾತ್ರ ಆಗ ಒಂದೇ ತಿಂಗಳಿಗೆ ಮುಗಿದುಹೋಗುತ್ತಿತ್ತು! ತಮ್ಮನವರಿಗೆ ಒಂದು ಮಾತು ತಿಳಿಸಿ: ವಾಂತಿ, ಭೇದಿ ಅಥವಾ ಬಿಸಿಲಿನಿಂದ ದೇಹದ ನೀರು ಬತ್ತಿದಾಗ, ಇಲ್ಲವೇ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ನುಂಗಿದಾಗ ರಕ್ತದಲ್ಲಿ ಲಿಥಿಯಂ ಏರಬಹುದು.

ಹೇಮಾವತಿ ದಂಡೆ:

ಇಬ್ಬರಿಗೂ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ನಿನ್ನೆ ರಾತ್ರಿ ತಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ, ಸನ್ನಿಯ ಒಂದು ತುಣುಕನ್ನೂ ಕಳುಹಿಸಿದೆ. ನೋಡಿದವನು ಕೋಪದ ಬಗ್ಗೆ ಏನೂ ಹೇಳಲಿಲ್ಲ. “ಅಷ್ಟು ವರ್ಷ ಲೋಟ ಒಡೆದಿದ್ದಾನಲ್ಲ, ಚೂರು ಗುಡಿಸುವವರು ಯಾರಕ್ಕಾ?” ಎಂದು ಕೇಳಿದ. ಅವನಿಗೆ ಮೊದಲ ಸಲ ಕಾಯಿಲೆ ಉಲ್ಬಣಿಸಿದಾಗ ಅಡುಗೆಮನೆಯ ಚೂರುಗಳನ್ನು ಗುಡಿಸಿದವಳು ನಾನು. ಅದು ಅವನಿಗೆ ನೆನಪಿದೆಯೆಂದು ನನಗೆ ಗೊತ್ತೇ ಇರಲಿಲ್ಲ.

ಐಬುಪ್ರೊಫೆನ್ ವಿಚಾರ ಅವನಿಗೆ ಹೊಸದು. ಬೆನ್ನುನೋವಿಗೆ ಅದನ್ನೇ ನುಂಗುತ್ತಿದ್ದನಂತೆ. ಬರುವ ಸೋಮವಾರ ರಕ್ತಪರೀಕ್ಷೆಗೆ ಹೋಗುತ್ತಾನೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕೇ?

ರಾತ್ರಿ ಪಾಳಿ:

ಲಿಥಿಯಂ ಮಟ್ಟ ನೋಡಲು ಖಾಲಿ ಹೊಟ್ಟೆ ಬೇಕಿಲ್ಲ. ಹಿಂದಿನ ಮಾತ್ರೆ ತೆಗೆದುಕೊಂಡು ಸುಮಾರು ಹನ್ನೆರಡು ಗಂಟೆಗೆ ರಕ್ತ ಕೊಡಬೇಕು. ಬೆಳಗಿನ ಮಾತ್ರೆಯಿದ್ದರೆ ರಕ್ತ ಕೊಟ್ಟ ಮೇಲೆ ತೆಗೆದುಕೊಳ್ಳಲಿ. ನೋವಿನ ಮಾತ್ರೆಯ ವಿಷಯವನ್ನು ವೈದ್ಯರಿಗೆ ಸೋಮವಾರದವರೆಗೆ ಕಾಯದೆ ಇಂದೇ ಹೇಳಲಿ. ಕೈ ನಡುಕ, ತೊದಲು ಅಥವಾ ನಡೆಯುವಾಗ ತೂರಾಟ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಲಿ.