ಪದಚರ್ಚೆ: ಆಡ್-ಇನ್ ಪರಿಶೀಲನೆಯಲ್ಲಿ ‘ಆಕ್ಸೆಸ್’ಗೆ ‘ಪ್ರವೇಶ’ ಸಾಕೇ?

ಬಳಗದ ಎಲ್ಲರಿಗೂ ನಮಸ್ಕಾರ.

ವಿಶ್ವವಿದ್ಯಾಲಯವೊಂದರ ಅಧ್ಯಾಪಕರು, ಸಂಶೋಧನಾ ವಿದ್ಯಾರ್ಥಿಗಳು ಮತ್ತು ಕಚೇರಿ ಸಿಬ್ಬಂದಿಗಾಗಿ ಕನ್ನಡದಲ್ಲಿ ಒಂದು ಕೈಪಿಡಿ ಸಿದ್ಧಪಡಿಸುತ್ತಿದ್ದೇನೆ. ವರ್ಡ್, ಔಟ್‌ಲುಕ್, ಗೂಗಲ್ ಡಾಕ್ಸ್‌ಗಳಿಗೆ ಹೊರಗಿನ ಕಂಪನಿಗಳ ಆಡ್-ಇನ್ (ಇರುವ ತಂತ್ರಾಂಶಕ್ಕೆ ಸೇರಿಸಿಕೊಳ್ಳುವ ಹೆಚ್ಚುವರಿ ಸೌಲಭ್ಯ) ಹಾಕಿಕೊಳ್ಳುವ ಮೊದಲು ದತ್ತಾಂಶ ಸುರಕ್ಷತೆಯ ದೃಷ್ಟಿಯಿಂದ ಏನೇನು ನೋಡಬೇಕು, ಯಾರ ಒಪ್ಪಿಗೆ ಪಡೆಯಬೇಕು ಎನ್ನುವುದು ಅದರ ವಿಷಯ. ಉಲ್ಲೇಖಪಟ್ಟಿ ಜೋಡಿಸುವುದಕ್ಕೆ, ವ್ಯಾಕರಣ ತಿದ್ದುವುದಕ್ಕೆ, ಸಭೆಯ ಟಿಪ್ಪಣಿ ಬರೆಯುವುದಕ್ಕೆ ಹೀಗೆ ಎಲ್ಲದಕ್ಕೂ ಈಗ ಆಡ್-ಇನ್‌ಗಳಿವೆ. ಬಹುಪಾಲು ಪದಗಳು ಹೇಗೋ ಹೊಂದಿಕೊಂಡವು. ‘ಆಕ್ಸೆಸ್’ ಮಾತ್ರ, ಅಂದರೆ ನಮ್ಮ ಮೇಲ್, ಕಡತಗಳನ್ನು ಆಡ್-ಇನ್ ತಲುಪಿ ಬಳಸಲು ಬಿಡುವುದು, ಹೊಂದಲಿಲ್ಲ. ಅದಕ್ಕೆ ರೂಢಿಯಲ್ಲಿರುವ ಕನ್ನಡ ಪದ ಓದುಗರನ್ನು ದಾರಿ ತಪ್ಪಿಸುತ್ತದೆ ಎಂಬುದು ನನ್ನ ಆತಂಕ.

ರೂಢಿಯ ಪದ ‘ಪ್ರವೇಶ’. ಫೋನು, ಬ್ರೌಸರುಗಳ ಕನ್ನಡ ಅನುವಾದದಲ್ಲಿ ‘ಪ್ರವೇಶಿಸಲು ಅನುಮತಿಸಿ’ ಎಂದು ನೀವೆಲ್ಲ ನೋಡಿರುತ್ತೀರಿ. ಆದರೆ ವಿಶ್ವವಿದ್ಯಾಲಯದಲ್ಲಿ ಈ ಪದ ಆಗಲೇ ಬೇರೆ ಕೆಲಸದಲ್ಲಿ ತೊಡಗಿದೆ: ಪ್ರವೇಶ ಪರೀಕ್ಷೆ, ಪ್ರವೇಶ ಪತ್ರ, ಪ್ರವೇಶ ಶುಲ್ಕ. ‘ನಿಮ್ಮ ಖಾತೆಯಿಂದ ನೀಡಿದ್ದ ಪ್ರವೇಶವನ್ನು ರದ್ದುಪಡಿಸಲಾಗಿದೆ’ ಎಂಬ ಸಂದೇಶ ಬಂದರೆ, ಅವಸರದಲ್ಲಿ ಓದುವ ವಿದ್ಯಾರ್ಥಿಯ ಕಣ್ಣಿಗೆ ಬೀಳುವುದು ‘ಪ್ರವೇಶ’, ‘ರದ್ದು’ ಎಂಬ ಎರಡೇ ಪದ. ತನ್ನ ಸೀಟೇ ಹೋಯಿತೆಂದು ಗಾಬರಿಯಾಗುವುದು ಸಹಜ.

ಇದಕ್ಕಿಂತ ದೊಡ್ಡ ತೊಡಕು ಅರ್ಥದ್ದು. ಪ್ರವೇಶ ಎಂದರೆ ಒಳಗೆ ಬರುವುದು. ಬಂದವರು ಒಳಗೆ ಏನು ಮಾಡುತ್ತಾರೆ, ಹೋಗುವಾಗ ಏನನ್ನು ಒಯ್ಯುತ್ತಾರೆ ಎನ್ನುವುದು ಅದರಲ್ಲಿಲ್ಲ. ಪರಿಶೀಲನೆ ನಡೆಯಬೇಕಾದದ್ದು ಅದರ ಬಗ್ಗೆಯೇ. ಔಟ್‌ಲುಕ್ ಆಡ್-ಇನ್‌ಗಳನ್ನೇ ನೋಡಿ. ಅವುಗಳ ಅನುಮತಿಗೆ ನಾಲ್ಕು ಹಂತಗಳಿವೆ. ಮೊದಲ ಮೂರು ಹಂತಗಳು ಆ ಹೊತ್ತಿಗೆ ತೆರೆದಿರುವ ಒಂದು ಮೇಲ್‌ಗಷ್ಟೇ ಸೀಮಿತ. ನಾಲ್ಕನೆಯದು ಇಡೀ ಅಂಚೆಪೆಟ್ಟಿಗೆಯನ್ನು ಓದಲು, ತಿದ್ದಲು, ನಿಮ್ಮ ಹೆಸರಿನಲ್ಲಿ ಮೇಲ್ ಕಳಿಸಲು ಬಿಡುತ್ತದೆ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ಅಜಗಜಾಂತರ. ‘ಮೇಲ್‌ಗೆ ಪ್ರವೇಶ’ ಎಂದರೆ ಎರಡೂ ಒಂದೇ ಆಗಿಬಿಡುತ್ತವೆ.

ಒಪ್ಪಿಗೆಯ ಪರದೆಯಲ್ಲಿ ಇನ್ನೂ ಸೂಕ್ಷ್ಮವಾದ ಒಂದು ಸಾಲಿದೆ. ಮೈಕ್ರೋಸಾಫ್ಟ್‌ನ ಖಾತೆಗಳಲ್ಲಿ ಕಡತಗಳಿಗೆ ಸಂಬಂಧಿಸಿದ ಒಂದು ಅನುಮತಿ ಕೇಳುವುದು ‘ನೀವು ತೆರೆಯಬಲ್ಲ ಎಲ್ಲ ಕಡತ’ಗಳನ್ನು, ‘ನಿಮ್ಮ ಕಡತ’ಗಳನ್ನಷ್ಟೇ ಅಲ್ಲ. ಕನ್ನಡದಲ್ಲಿ ಇದನ್ನು ಸಲೀಸಾಗಿ ‘ನಿಮ್ಮ ಎಲ್ಲ ಕಡತಗಳು’ ಎಂದು ಬರೆದುಬಿಡುತ್ತೇವೆ. ಸಹೋದ್ಯೋಗಿಯೊಬ್ಬರು ನಿಮ್ಮೊಡನೆ ಹಂಚಿಕೊಂಡ ಅಂಕಪಟ್ಟಿ, ಸಂಶೋಧನೆಯಲ್ಲಿ ಪಾಲ್ಗೊಂಡವರ ಆರೋಗ್ಯದ ವಿವರ, ನೇಮಕಾತಿ ಸಮಿತಿಯ ಟಿಪ್ಪಣಿ ಇವೆಲ್ಲ ನಿಮ್ಮವಲ್ಲ, ಆದರೆ ನೀವು ತೆರೆಯಬಲ್ಲವು. ಒಪ್ಪಿಗೆಯ ಗುಂಡಿ ಒತ್ತಿದವರು ನೀವು. ಹೊರಗೆ ಹೋಗುವುದು ಬೇರೆಯವರದ್ದು. ಕೇಂಬ್ರಿಜ್ ಅನಾಲಿಟಿಕಾ ಎಂಬ ರಾಜಕೀಯ ಸಲಹಾ ಕಂಪನಿಗೆ ಫೇಸ್‌ಬುಕ್ ಬಳಕೆದಾರರ ಮಾಹಿತಿ ಸೇರಿದ, 2018ರಲ್ಲಿ ಬಯಲಾದ ಪ್ರಕರಣದಲ್ಲಿ ಆದದ್ದೂ ಇದೇ. ವಿಶ್ವವಿದ್ಯಾಲಯದ ಸಂಶೋಧಕರೊಬ್ಬರು ರೂಪಿಸಿದ ರಸಪ್ರಶ್ನೆಯ ಆ್ಯಪ್ ಅನ್ನು ಫೇಸ್‌ಬುಕ್‌ನಲ್ಲಿ ಹಾಕಿಕೊಂಡವರು ಸುಮಾರು 2.7 ಲಕ್ಷ ಮಂದಿ. ಅವರ ಸ್ನೇಹಿತರೂ ಸೇರಿ 8.7 ಕೋಟಿ ಜನರವರೆಗಿನ ಮಾಹಿತಿ ಕೈಮೀರಿ ಹೋಗಿರಬಹುದು ಎಂದು ಫೇಸ್‌ಬುಕ್ಕೇ ಅಂದಾಜು ಮಾಡಿತು. ‘ನಿಮ್ಮ’ ಮತ್ತು ‘ನೀವು ತೆರೆಯಬಲ್ಲ’ ಎಂಬೆರಡರ ನಡುವಿನ ಅಂತರ ಎಷ್ಟು ದೊಡ್ಡದೆಂದು ಆ ಲೆಕ್ಕವೇ ಹೇಳುತ್ತದೆ. ಹಾಗಾಗಿ ಈ ಸಾಲನ್ನು ಮೊಟಕುಗೊಳಿಸಲು ನಾನು ಸುತರಾಂ ಒಪ್ಪುವುದಿಲ್ಲ.

ಇನ್ನೊಂದು ಅನುಮತಿ ‘ಆಫ್‌ಲೈನ್ ಆಕ್ಸೆಸ್’. ಇದನ್ನು ‘ಆಫ್‌ಲೈನ್ ಪ್ರವೇಶ’ ಎಂದರೆ ಇಂಟರ್ನೆಟ್ ಇಲ್ಲದಾಗಲೂ ಬಳಸಬಹುದು ಎಂಬ ಅನುಕೂಲದ ಮಾತಿನಂತೆ ಕೇಳುತ್ತದೆ. ನಿಜದಲ್ಲಿ ಅದರ ಅರ್ಥವೇ ಬೇರೆ: ನೀವು ಕಂಪ್ಯೂಟರಿನ ಮುಂದೆ ಇಲ್ಲದಿದ್ದಾಗಲೂ ಆ ಕಂಪನಿಯ ಸರ್ವರ್ ನಿಮ್ಮ ಪರವಾಗಿ ಮಾಹಿತಿ ತೆಗೆದುಕೊಳ್ಳುತ್ತಿರಬಹುದು. ಆಡ್-ಇನ್ ಅನ್ನು ಪರದೆಯಿಂದ ತೆಗೆದ ಮಾತ್ರಕ್ಕೆ ಇದು ನಿಲ್ಲುತ್ತದೆ ಎಂದುಕೊಳ್ಳುವ ಹಾಗಿಲ್ಲ. ಖಾತೆಯ ಸೆಟ್ಟಿಂಗ್‌ಗೆ ಹೋಗಿ ಕೊಟ್ಟ ಅನುಮತಿಯನ್ನೇ ಹಿಂಪಡೆಯಬೇಕು. ‘ನೀವಿಲ್ಲದಾಗಲೂ ಓದುವ ಅನುಮತಿ’ ಎಂದು ಬರೆದಿದ್ದೇನೆ. ಉದ್ದವಾಯಿತು, ನಿಜ. ಇದಕ್ಕಿಂತ ಚಿಕ್ಕದು, ಇಷ್ಟೇ ಸ್ಪಷ್ಟವಾದದ್ದು ಯಾರಿಗಾದರೂ ಹೊಳೆದರೆ ದಯವಿಟ್ಟು ತಿಳಿಸಿ.

ಮಾತಿನಲ್ಲಿ ಜನ ಏನನ್ನುತ್ತಾರೆ? ‘ಪರ್ಮಿಷನ್ ಕೊಟ್ಟೆ’, ‘ಅಲೋ ಮಾಡಿದೆ’, ‘ಆಕ್ಸೆಸ್ ಕೊಟ್ಟಿದೀನಿ’ ಎನ್ನುತ್ತಾರೆ. ‘ಕೊಡು’ ಎಂಬ ಕ್ರಿಯೆ ಇಲ್ಲಿ ತುಂಬ ಸರಿಯಾಗಿದೆ, ಏಕೆಂದರೆ ಕೊಟ್ಟವರು ಯಾರೆಂಬುದು ಅದರಲ್ಲಿದೆ. 2017ರ ಮೇ ತಿಂಗಳಲ್ಲಿ ‘ಗೂಗಲ್ ಡಾಕ್ಸ್’ ಎಂದೇ ಹೆಸರಿಟ್ಟುಕೊಂಡ ನಕಲಿ ಆ್ಯಪ್ ಒಂದು ಇಮೇಲ್‌ಗಳ ಮೂಲಕ ಹರಡಿತಲ್ಲ, ಅದು ಯಾರ ಪಾಸ್‌ವರ್ಡನ್ನೂ ಕದಿಯಲಿಲ್ಲ. ಗೂಗಲ್‌ನ ಅಸಲಿ ಒಪ್ಪಿಗೆಯ ಪರದೆಯಲ್ಲೇ ಅನುಮತಿ ಕೇಳಿತು, ಜನ ಕೊಟ್ಟರು. ಪಾಸ್‌ವರ್ಡ್ ಕೊಟ್ಟಿಲ್ಲವಲ್ಲ, ನನ್ನ ಖಾತೆ ಸುರಕ್ಷಿತ ಎನ್ನುವವರಿಗೆ ಈ ಘಟನೆಯನ್ನು ಹೇಳಲೇಬೇಕು.

ಹೀಗಾಗಿ ನನ್ನ ಒಲವು ಆಕ್ಸೆಸ್‌ಗೆ ನಾಮಪದ ಹುಡುಕುವುದನ್ನೇ ಬಿಟ್ಟು ಕ್ರಿಯಾಪದಗಳನ್ನು ಬಳಸುವ ಕಡೆಗಿದೆ. ‘ಈ ಆಡ್-ಇನ್ ನಿಮ್ಮ ಮೇಲ್‌ಗಳನ್ನು ಓದುತ್ತದೆ, ಅಳಿಸಬಲ್ಲದು, ಪ್ರತಿಯನ್ನು ತನ್ನ ಸರ್ವರ್‌ಗೆ ಒಯ್ಯುತ್ತದೆ’ ಎಂದರೆ ಯಾರಿಗೂ ವಿವರಣೆ ಬೇಡ. ನಾಮಪದ ಬೇಕೇ ಬೇಕು ಎನ್ನುವ ಕಡೆ, ಅಂದರೆ ಕೋಷ್ಟಕದ ತಲೆಬರಹಗಳಲ್ಲಿ, ‘ಎಟುಕು’ ಎಂದು ಬರೆದು ನೋಡಿದೆ: ‘ಎಟುಕುವ ಕಡತಗಳು’, ‘ಎಟುಕಿನ ವ್ಯಾಪ್ತಿ’. ಕೈಗೆ ಸಿಗುವಷ್ಟು ಎಂಬ ಅರ್ಥ ಅದರಲ್ಲಿ ತಾನಾಗಿಯೇ ಇದೆ. ‘ಬಳಕೆಯ ಹಕ್ಕು’ ಎಂದು ಕೆಲವರು ಸೂಚಿಸಿದರು. ನನಗದು ಹಿಡಿಸಲಿಲ್ಲ. ಹಕ್ಕು ಎಂದರೆ ಕಿತ್ತುಕೊಳ್ಳಬಾರದ್ದು ಎಂಬ ಭಾವ ಬರುತ್ತದೆ. ಇಲ್ಲಿ ಕೊಟ್ಟದ್ದನ್ನು ಯಾವಾಗ ಬೇಕಾದರೂ ಹಿಂಪಡೆಯುವಂತಿರಬೇಕು. ಯುರೋಪಿನ ದತ್ತಾಂಶ ಸಂರಕ್ಷಣಾ ಕಾನೂನಾದ ಜಿಡಿಪಿಆರ್ ಅಂತೂ ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ಹಿಂಪಡೆಯುವುದೂ ಅಷ್ಟೇ ಸುಲಭವಾಗಿರಬೇಕು ಎಂದು ಸ್ಪಷ್ಟವಾಗಿ ಹೇಳುತ್ತದೆ. ಭಾರತದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ಒಪ್ಪಿಗೆ ಕೇಳುವ ಸೂಚನೆಯನ್ನು ಸಂವಿಧಾನದ ಎಂಟನೆಯ ಪರಿಚ್ಛೇದದ ಭಾಷೆಗಳಲ್ಲೂ ಓದುವ ಆಯ್ಕೆ ಇರಬೇಕೆನ್ನುತ್ತದೆ. ಕನ್ನಡವೂ ಅವುಗಳಲ್ಲೊಂದಾದ್ದರಿಂದ ಈ ಪದಗಳನ್ನು ಇಂದಲ್ಲ ನಾಳೆ ಎಲ್ಲರೂ ಬಳಸಬೇಕಾಗುತ್ತದೆ.

ಇನ್ನು ‘ರಿವ್ಯೂ’. ‘ವಿಮರ್ಶೆ’ ಸಾಹಿತ್ಯಕ್ಕಿರಲಿ. ‘ಮೌಲ್ಯಮಾಪನ’ ವಿಶ್ವವಿದ್ಯಾಲಯದಲ್ಲಿ ಉತ್ತರಪತ್ರಿಕೆಗೆ ಮೀಸಲು, ಮರುಮೌಲ್ಯಮಾಪನವೂ ಹಾಗೆಯೇ. ‘ಪರಿಶೀಲನೆ’, ‘ಮರುಪರಿಶೀಲನೆ’ ಸಾಕು ಅನ್ನಿಸುತ್ತದೆ. ಈ ‘ಮರು’ ಬಹಳ ಮುಖ್ಯ. ಆಫೀಸ್ ಆಡ್-ಇನ್‌ಗಳು ಸಾಮಾನ್ಯವಾಗಿ ನಮ್ಮ ಕಂಪ್ಯೂಟರಿನಲ್ಲಿ ಇಳಿದು ಕೂರುವ ತಂತ್ರಾಂಶವಲ್ಲ. ಪಕ್ಕದ ಪಟ್ಟಿಯಲ್ಲಿ ತೆರೆದುಕೊಳ್ಳುವುದು ಕಂಪನಿಯ ಸರ್ವರ್‌ನಿಂದ ಬರುವ ಜಾಲಪುಟ. ಅನುಮತಿಯ ಪಟ್ಟಿ ಹಿಗ್ಗಿದರೆ ಮತ್ತೆ ಒಪ್ಪಿಗೆ ಕೇಳುತ್ತದೆ. ಅದೇ ಅನುಮತಿಯೊಳಗೆ ಕೋಡ್ ಬದಲಾದರೆ ಯಾರನ್ನೂ ಕೇಳುವುದಿಲ್ಲ. ಕಳೆದ ವರ್ಷ ಪರಿಶೀಲಿಸಿದ್ದು ಈ ವರ್ಷ ಅದೇ ಆಗಿ ಉಳಿದಿರಬೇಕಿಲ್ಲ. ಇದೇ ಕಾರಣಕ್ಕೆ ‘ಒಳಸೇರಿಕೆ’ ಎಂಬ ಪದವನ್ನು ಬಿಟ್ಟು ‘ಆಡ್-ಇನ್’ ಎಂದೇ ಉಳಿಸಿಕೊಂಡೆ. ಕಾಣುವುದು ಒಳಗಾದರೂ ಕೆಲಸ ನಡೆಯುವುದು ಹೊರಗೆ.

ಪರಿಶೀಲನೆಗೆ ಒದಗುವ ದಾಖಲೆಗಳಲ್ಲೂ ಒಂದು ಭೇದ ಉಳಿಸಿಕೊಳ್ಳಬೇಕು. ಕಂಪನಿಗಳ ಸುರಕ್ಷತಾ ಕ್ರಮಗಳನ್ನು ವಿಚಾರಿಸಲು ಉನ್ನತ ಶಿಕ್ಷಣ ಸಂಸ್ಥೆಗಳಿಗೆಂದೇ ಇರುವ ಹೆಕ್‌ವ್ಯಾಟ್ ಪ್ರಶ್ನಾವಳಿಗೆ ಉತ್ತರ ತುಂಬುವುದು ಕಂಪನಿಯೇ. ಕಂಪನಿಯ ದತ್ತಾಂಶ ಸುರಕ್ಷತೆಯನ್ನು ಪರೀಕ್ಷಿಸುವ ಸಾಕ್ 2 (SOC 2) ವರದಿ ಹೊರಗಿನ ಪರಿಶೋಧಕರದ್ದು. ಅದರಲ್ಲೂ ಮೊದಲ ಬಗೆ ಒಂದು ದಿನದ ಸ್ಥಿತಿಯನ್ನು ಹೇಳಿದರೆ ಎರಡನೆಯ ಬಗೆ ಒಂದು ಅವಧಿಯುದ್ದಕ್ಕೂ ಕ್ರಮಗಳು ಪಾಲನೆಯಾದವೇ ಎಂದು ನೋಡುತ್ತದೆ. ಹೆಕ್‌ವ್ಯಾಟ್ ಉತ್ತರಗಳಿಗೆ ‘ಸ್ವಘೋಷಣೆ’, ಸಾಕ್ 2ಕ್ಕೆ ‘ಪರಿಶೋಧನಾ ವರದಿ’ ಎಂದಿದ್ದೇನೆ. ‘ಲೆಕ್ಕಪರಿಶೋಧನೆ’ ಎಂದರೆ ಹಣದ ಲೆಕ್ಕವಾಗುತ್ತದೆ.

‘ಥರ್ಡ್ ಪಾರ್ಟಿ’ಗೆ ‘ಮೂರನೇ ವ್ಯಕ್ತಿ’ ಎಂದರೆ ಯಾರೋ ಒಬ್ಬ ಮನುಷ್ಯನ ಚಿತ್ರ ಬರುತ್ತದೆ. ‘ಹೊರಗಿನವರು’ ಸಹಜವಾಗಿದೆ. ಆದರೂ ‘ಮೂರನೆಯವರು’ ಎಂಬುದಕ್ಕೆ ಒಂದು ಬಲವಿದೆ: ಆ ಕಂಪನಿ ನಮ್ಮ ದತ್ತಾಂಶವನ್ನು ಮತ್ತೊಂದು ಕಂಪನಿಗೆ, ಉದಾಹರಣೆಗೆ ಕೃತಕ ಬುದ್ಧಿಮತ್ತೆಯ ಸೇವೆಗೆ, ದಾಟಿಸಿದರೆ ಅವರನ್ನು ‘ನಾಲ್ಕನೆಯವರು’ ಎಂದು ಕರೆಯಬಹುದು. ಪ್ರಶ್ನೆ ಕೇಳುವವರು ಹೆಚ್ಚಾಗಿ ಮೂರಕ್ಕೇ ನಿಂತುಬಿಡುತ್ತಾರೆ.

ಕೊನೆಗೆ ನಿರ್ದಿಷ್ಟವಾಗಿ ಕೇಳುವುದಿಷ್ಟು. ‘ಎಟುಕು’ ನಿಮ್ಮ ಕಡೆಯ ಮಾತಿನಲ್ಲಿ ಈ ಅರ್ಥಕ್ಕೆ ಒಗ್ಗುತ್ತದೆಯೇ, ಅಥವಾ ‘ನಿಲುಕು’ ವಾಸಿಯೇ? ಬಳಕೆದಾರರು ತಾವೇ ಕೊಡುವುದಕ್ಕೆ ‘ಒಪ್ಪಿಗೆ’ ಎಂದೂ ಸಂಸ್ಥೆಯ ಐಟಿ ವಿಭಾಗ ಎಲ್ಲರ ಪರವಾಗಿ ಕೊಡುವುದಕ್ಕೆ ‘ಮಂಜೂರಾತಿ’ ಎಂದೂ ಬೇರೆ ಬೇರೆ ಮಾಡಿದ್ದೇನೆ. ‘ಮಂಜೂರಾತಿ’ ಎಂದಾಗ ಸಾಲ, ರಜೆಗಳೇ ನೆನಪಾಗುತ್ತವೆ ಎನ್ನುವವರಿದ್ದರೆ ಬದಲಿಗೆ ಯಾವ ಪದ ಬಳಸುತ್ತೀರೆಂದು ಬರೆಯಿರಿ.