‘ದೀಪದ ಬಲೆ’ ಸರಿ, ಆದರೆ ಹುಳ ಎಣಿಸುವ ಕೆಲಸಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಭತ್ತ ಬೆಳೆಯುವವರಿಗಾಗಿ, ರಾತ್ರಿ ಹುಳಗಳನ್ನು ಬೆಳಕಿಗೆ ಸೆಳೆದು ಹಿಡಿಯುವ ಲೈಟ್ ಟ್ರ್ಯಾಪ್ ಬಗ್ಗೆ ಒಂದು ಕರಪತ್ರ ಬರೆಯುತ್ತಿದ್ದೇನೆ. ಎರಡು ಕಡೆ ಸರಿಯಾದ ಮಾತು ಸಿಗುತ್ತಿಲ್ಲ.

ಮೊದಲು ಹೆಸರು. ಕೃಷಿ ಬರಹಗಳಲ್ಲಿ ದೀಪದ ಬಲೆ, ಬೆಳಕಿನ ಬಲೆ, ದೀಪಾಕರ್ಷಕ ಬಲೆ ಮೂರೂ ಕಾಣುತ್ತವೆ. ದೀಪಾಕರ್ಷಕ ನನಗೆ ಒಪ್ಪಿಗೆಯಿಲ್ಲ. ಚಿತ್ತಾಕರ್ಷಕ ಅಂದರೆ ಚಿತ್ತವನ್ನು ಸೆಳೆಯುವಂಥದ್ದು. ಅದೇ ಲೆಕ್ಕದಲ್ಲಿ ಇದು ದೀಪವನ್ನು ಸೆಳೆಯುವ ಬಲೆ ಆಗುತ್ತದೆ, ಅಲ್ವಾ? ಬೆಳಕಿನ ಬಲೆಗಿಂತ ದೀಪದ ಬಲೆ ಬಾಯಿಗೆ ಸಲೀಸು, ಅದನ್ನೇ ಇಟ್ಟುಕೊಂಡಿದ್ದೇನೆ. ಆದರೆ ಜೊತೆಗೆ ಯಾವ ಕ್ರಿಯಾಪದ? ಮೀನಿಗೆ ಬಲೆ ಬೀಸುತ್ತೇವೆ, ಹಕ್ಕಿಗೆ ಒಡ್ಡುತ್ತೇವೆ. ಇಲ್ಲಿರುವುದು ಒಂದು ಬಲ್ಬು, ಅದರ ಸುತ್ತ ನಿಲ್ಲಿಸಿದ ತಗಡುಗಳು, ಕೆಳಗೆ ಆಲಿಕೆ, ಆಲಿಕೆಗೆ ಸೇರಿಸಿದ ಡಬ್ಬಿ. ಹುಳ ಬಂದು ತಗಡಿಗೆ ಬಡಿದು, ಜಾರಿ ಡಬ್ಬಿಗೆ ಬೀಳುತ್ತದೆ. ‘ಬಲೆ ಹಚ್ಚಿ’ ಅನ್ನೋಕಾಗಲ್ಲ. ‘ಇಡಿ’ ಸಾಕೇ, ‘ಕಟ್ಟಿ’ ವಾಸಿಯೇ?

ಎರಡನೆಯದೇ ನನಗೆ ದೊಡ್ಡದು. ಬಲೆ ಅಂದ ಕೂಡಲೇ ಹಿಡಿದು ಕೊಲ್ಲುವುದು ಅಂತಲೇ ಮನಸ್ಸಿಗೆ ಬರುತ್ತದೆ. ನಾನು ಹೇಳಬೇಕಿರುವುದು ಎಣಿಸುವುದನ್ನು. ಭತ್ತದ ಕಾಂಡ ಕೊರೆಯುವ ಹುಳದ ಹೆಣ್ಣು ಪತಂಗ ಹಳದಿ ಬಣ್ಣದ್ದು. ಮುಂದಿನ ಎರಡೂ ರೆಕ್ಕೆಗಳ ಮೇಲೆ ಒಂದೊಂದು ಕಪ್ಪು ಚುಕ್ಕೆ. ಅದು ಎಲೆಯ ತುದಿಯ ಹತ್ತಿರ ಮೊಟ್ಟೆಯಿಟ್ಟು, ತನ್ನ ಬಾಲದ ತುದಿಯ ರೋಮದಿಂದಲೇ ಮುಚ್ಚಿಬಿಡುತ್ತದೆ. ಸುಮಾರು ಒಂದು ವಾರದಲ್ಲಿ ಮೊಟ್ಟೆ ಒಡೆದು ಮರಿ ಕಾಂಡದೊಳಗೆ ಸೇರುತ್ತದೆ. ಆಮೇಲೆ ಎಳೆ ಪೈರಾದರೆ ಸುಳಿ ಒಣಗುತ್ತದೆ, ತೆನೆ ಬರುವ ಹೊತ್ತಾದರೆ ಜೊಳ್ಳು ಬಿಳಿ ತೆನೆ. ಹಾಗಾಗಿ ಡಬ್ಬಿಯಲ್ಲಿ ಈ ಪತಂಗ ದಿನದಿಂದ ದಿನಕ್ಕೆ ಜಾಸ್ತಿಯಾಗುತ್ತಿದ್ದರೆ, ಗದ್ದೆಗಿಳಿದು ಎಲೆಗಳಲ್ಲಿ ಮೊಟ್ಟೆ ಹುಡುಕುವ ಹೊತ್ತು ಅದು.

ಹುಣ್ಣಿಮೆ ಆಸುಪಾಸಿನಲ್ಲಿ ದೀಪಕ್ಕೆ ಹುಳ ಕಡಿಮೆ ಬೀಳುತ್ತವೆ, ಅದನ್ನೂ ನೆನಪಿಟ್ಟುಕೊಂಡು ಎಣಿಸಬೇಕು. ಸುಮ್ನೆ ರಾತ್ರಿಯಿಡೀ ಉರಿಸಿ ಕೊಲ್ಲುತ್ತಾ ಹೋದರೆ ನಷ್ಟವೂ ಇದೆ. ಭತ್ತದ ರಸ ಹೀರುವ ಕಂದು ಜಿಗಿಹುಳದ ಮೊಟ್ಟೆ ತಿನ್ನುವ ಹಸಿರು ಮಿರಿಡ್ ತಿಗಣೆಯೂ ದೀಪಕ್ಕೆ ಬರುತ್ತದೆ. ರೈತರಿಗೆ ನೆರವಾಗುವ ಆ ಜೀವ ಮಾತಿನ ಎಡವಟ್ಟಿನಿಂದ ಸಾಯಬಾರದು ಅನ್ನುವುದೇ ನನ್ನ ಕಾಳಜಿ.

ಈ ಎಣಿಸಿ ನೋಡುವ ಕೆಲಸಕ್ಕೆ ‘ಕೀಟಗಳ ಮೇಲ್ವಿಚಾರಣೆ’ ಅಂತ ಬರೆಯುವವರಿದ್ದಾರೆ. ಮೇಲ್ವಿಚಾರಣೆ ಅಂದರೆ ನಿಂತು ಕೆಲಸ ಮಾಡಿಸುವುದು, ಇಲ್ಲಿಗೆ ಹೊಂದುವುದಿಲ್ಲ. ‘ಸಮೀಕ್ಷೆ’ ಒಮ್ಮೆ ಮಾಡಿ ಮುಗಿಸುವಂತೆ ಕೇಳಿಸುತ್ತದೆ. ‘ನಿಗಾ’ ಪರವಾಗಿಲ್ಲ, ಆದರೆ ಅದರಲ್ಲಿ ಎಣಿಕೆಯ ಸುಳಿವಿಲ್ಲ. ಸದ್ಯ ‘ಹುಳದ ಲೆಕ್ಕ’ ಎಂದು ಬರೆದಿದ್ದೇನೆ: ‘ಸಂಜೆ ದೀಪದ ಬಲೆ ಇಡಿ, ಬೆಳಗ್ಗೆ ಹುಳದ ಲೆಕ್ಕ ಬರೆದಿಡಿ.’

ಮಂಡ್ಯ, ಗಂಗಾವತಿ, ದಾವಣಗೆರೆ ಕಡೆಯ ಭತ್ತದವರು ಇದಕ್ಕೆ ಏನನ್ನುತ್ತಾರೆ? ಪಾವಗಡ, ಚಳ್ಳಕೆರೆ ಕಡೆ ಕಡಲೆಕಾಯಿ ಬೆಳೆಯುವವರು ಮುಂಗಾರು ಬಿದ್ದ ಮೇಲೆ ಕಂಬಳಿಹುಳದ ಪತಂಗವನ್ನು ಸೆಳೆಯಲು ಹೊಲದಲ್ಲಿ ಬೆಂಕಿ ಹಾಕುವುದಕ್ಕೆ ಬೇರೆ ಹೆಸರೇನಾದರೂ ಇದೆಯೇ? ಪತಂಗವನ್ನು ‘ಹಾತೆ’ ಎಂದರೆ ನಿಮ್ಮೂರಲ್ಲಿ ಈಗಲೂ ಅರ್ಥವಾಗುತ್ತದೆಯೇ? ಆಗುತ್ತದೆ ಅಂದರೆ ಕರಪತ್ರದಲ್ಲಿ ಪತಂಗ ತೆಗೆದು ಅದನ್ನೇ ಹಾಕುತ್ತೇನೆ. ಊರಿನ ಹೆಸರು ಸೇರಿಸಿ ಬರೆಯಿರಿ.