‘ಸ್ಕ್ರೀನಿಂಗ್’ಗೆ ‘ಪರೀಕ್ಷೆ’ ಬೇಡ, ಮತ್ತೇನು?

ಎಲ್ಲರಿಗೂ ಕಲಬುರಗಿಯಿಂದ ನಮಸ್ಕಾರ. ಹದಿನೈದು ದಿನದಿಂದ ಒಂದು ಪದದ ಬೆನ್ನು ಬಿದ್ದಿದ್ದೇನೆ, ಸಿಗುತ್ತಿಲ್ಲ.

ಅಪಘಾತದಲ್ಲಿ ಪೆಟ್ಟಾದ ಮಕ್ಕಳಿಗೆ ಮೂಳೆ ಕೂಡಿದ ಮೇಲೂ ಕೆಲವೊಮ್ಮೆ ಅಂಜಿಕೆ ಉಳಿದುಬಿಡುತ್ತೆ. ಅಂಥವರನ್ನು ಬೇಗ ಗುರುತಿಸೋಕೆ ಸಿಟಿಎಸ್‌ಕ್ಯೂ (ಚೈಲ್ಡ್ ಟ್ರಾಮಾ ಸ್ಕ್ರೀನಿಂಗ್ ಕ್ವೆಶ್ಚನೇರ್) ಅಂತ 10 ಪ್ರಶ್ನೆಗಳ ಹಾಳೆಯಿದೆ. ಆಸ್ಟ್ರೇಲಿಯಾದ ಸಂಶೋಧಕರು 2006ರಲ್ಲಿ ಪ್ರಕಟಿಸಿದ್ದು, 7ರಿಂದ 16 ವರ್ಷದವರಿಗೆ. ಪೆಟ್ಟಾದ ಒಂದೆರಡು ವಾರದಲ್ಲಿ ಕೇಳುತ್ತಾರೆ. ಉತ್ತರ ಹೌದು, ಇಲ್ಲ, ಅಷ್ಟೇ. 5 ಅಥವಾ ಜಾಸ್ತಿ ‘ಹೌದು’ ಬಂದರೆ ಆ ಮಗುವನ್ನು ಮತ್ತೆ ಕರೆದು ನೋಡಬೇಕು. ಕಾಯಿಲೆ ಇದೆ ಅಂತ ಅರ್ಥ ಅಲ್ಲ. ಲಕ್ಷಣಗಳು ಒಂದು ತಿಂಗಳು ದಾಟುವ ತನಕ ವೈದ್ಯರು ಪಿಟಿಎಸ್‌ಡಿ, ಅಂದರೆ ಇಂಥ ಪೆಟ್ಟಿನ ನಂತರ ಮನಸ್ಸಿನಲ್ಲಿ ಉಳಿಯುವ ಅಂಜಿಕೆಯ ಕಾಯಿಲೆ, ಅನ್ನೋದೇ ಇಲ್ಲ. ಗೆಳೆಯರಾದ ಡಾಕ್ಟರೊಬ್ಬರು ಇದನ್ನು ಕನ್ನಡಕ್ಕೆ ತರಲು ನನ್ನ ಕೈಗೆ ಕೊಟ್ಟರು.

ತಲೆಬರಹ ಹೀಗೆ ಬರೆದೆ: ‘ಆಘಾತೋತ್ತರ ಒತ್ತಡದ ಪೂರ್ವಪರೀಕ್ಷೆ’. ಬರೆದಾಗ ಖುಷಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಮ್ಮ ಓಣಿಯಲ್ಲಿ ಐದನೇ ಕ್ಲಾಸಿನ ಹುಡುಗನೊಬ್ಬನಿಗೆ ಬೈಕ್ ಗುದ್ದಿ ಕೈ ಮುರಿದಿತ್ತು. ಭಾಷೆ ತಿಳಿಯುತ್ತಾ ನೋಡೋಣ ಅಂತ ಅವನ ಮನೆಗೆ ಹೋಗಿ ಓದಿದೆ. ‘ಆಘಾತ’ ಅಂದ ಕೂಡಲೇ ಅವನ ತಾಯಿ, “ಹಾರ್ಟಿಂದೇನ್ರೀ ಅಣ್ಣಾ?” ಅಂದರು. ‘ಒತ್ತಡ’ ಅವರಿಗೆ ಬಿಪಿ ಆಯ್ತು. ‘ಟ್ರಾಮಾ’ ಅಂದರೆ ಆಕ್ಸಿಡೆಂಟ್ ಆದವರನ್ನು ಒಯ್ಯುವ ಕಟ್ಟಡ. ಹುಡುಗ ಮಾತ್ರ ಪ್ಲಾಸ್ಟರ್ ಕೈಯನ್ನು ದಿಂಬಿನ ಮೇಲಿಟ್ಟುಕೊಂಡು ಹತ್ತಕ್ಕೂ ‘ಹೌದ್ರಿ’ ಅಂದ. ಮುಗಿದ ಮೇಲೆ ಮೆಲ್ಲಗೆ ಕೇಳಿದ: “ಎಷ್ಟ್ ಮಾರ್ಕ್ಸ್ ಬಂದವ್ರಿ?”

ಪರೀಕ್ಷೆ ಅಂದಿದ್ದೇ ತಪ್ಪು! ಹೌದು ಅಂದರೆ ಮಾರ್ಕ್ಸ್ ಬೀಳುತ್ತೆ ಅಂದುಕೊಂಡಿದ್ದಾನೆ. ತಲೆಬರಹದ ಒಂದು ಪದ ಇಡೀ ಹಾಳೆಯನ್ನೇ ಕೆಡಿಸಿತ್ತು.

‘ತಪಾಸಣೆ’ ನನಗೆ ಬೇಡ, ಪೊಲೀಸರು ಗಾಡಿ ನಿಲ್ಲಿಸಿದ ಹಾಗಿರುತ್ತೆ. ‘ವಿಚಾರಣೆ’ ಕೋರ್ಟಿಗೆ ಹೋಯ್ತು. ಡಾಕ್ಟರ್ ‘ಜರಡಿ ಹಿಡಿಯೋದು’ ಅನ್ನಿ ಅಂದರು. ಅರ್ಥ ಹತ್ತಿರದ್ದೇ. ಆದರೆ ಇದು ತೊಗರಿಯ ಊರು. ಇಲ್ಲಿ ಜರಡಿ ಹಿಡಿಯೋದು ಕಸ ಬೇರೆ ಮಾಡಿ ಬಿಸಾಡೋಕೆ. ನಿಮ್ಮ ಮಗನನ್ನು ಜರಡಿ ಹಿಡಿದೆವು, ಅವನು ಬೇರೆ ಬಂದ ಅಂತ ಯಾವ ತಾಯಿಗೆ ಹೇಳೋದು? ಸದ್ಯಕ್ಕೆ ‘ಕೇಳಿ ನೋಡುವ ಹಾಳೆ’ ಅಂತ ಇಟ್ಟಿದ್ದೇನೆ. ತೂಕ ಕಡಿಮೆ ಅನ್ನಿಸುತ್ತೆ, ಆದರೆ ಯಾರೂ ಹೆದರಲ್ಲ.

ಒಳಗಿನ ಪ್ರಶ್ನೆಗಳಲ್ಲಿ ಒಂದು ಜೋಡಿ ನನ್ನನ್ನು ಕಾಡುತ್ತಿದೆ. ಒಂದು, ಸದ್ದಾದರೆ ಮೈ ಝಲ್ ಅನ್ನೋದು. ಇನ್ನೊಂದು, ಏನೂ ಇಲ್ಲದಿದ್ದರೂ ಅಪಾಯ ಬಂತೇನೋ ಅಂತ ನೋಡುತ್ತಲೇ ಇರೋದು. ಎರಡಕ್ಕೂ ‘ಬೆಚ್ಚುವುದು’ ಅಂತ ಬರೆದಿದ್ದೆ, ಆಗಲಿಲ್ಲ. ನಮ್ಮ ಕಡೆ ‘ಬೆದರು’ ಅನ್ನೋದನ್ನು ಎತ್ತಿಗೆ ಹೆಚ್ಚು ಬಳಸುತ್ತೇವೆ. ಲಾರಿ ಹಾರ್ನಿಗೆ ಒಮ್ಮೆ ಬೆದರಿದ ಎತ್ತು, ಮರುದಿನ ಆ ತಿರುವು ಬಂದರೆ ಸಾಕು, ಲಾರಿ ಇಲ್ಲದಿದ್ದರೂ ಕಿವಿ ನಿಮಿರಿಸಿ ಕಾಲು ಹಿಂದಿಡುತ್ತೆ. ಎರಡನೆಯ ಪ್ರಶ್ನೆ ಕೇಳೋದು ಇದನ್ನೇ. ಆದರೆ ಮಗುವಿಗೆ ‘ಬೆದರ್ತಿಯೇನು’ ಅಂದರೆ ನಗಬಹುದು.

‘ಎದಿ ಒಡಕೊಂಡಾನ’ ಅನ್ನೋ ಮಾತೂ ಇದೆ. ಅದನ್ನು ಕೈಬಿಟ್ಟೆ. ಒಮ್ಮೆ ಅಂಜಿದ್ದಕ್ಕೂ, ತಿಂಗಳುಗಟ್ಟಲೆ ಅಂಜುತ್ತಿರುವುದಕ್ಕೂ ಅದೊಂದೇ ಮಾತು.

ಬೀದರ್, ಯಾದಗಿರಿ ಕಡೆಯವರಿಗೆ ಎರಡು ಪ್ರಶ್ನೆ. ಕನವರಿಸೋದು ಅಂದರೆ ನಿದ್ದೆಯಲ್ಲಿ ಮಾತಾಡೋದು. ಕೆಟ್ಟ ಕನಸು ಬಿದ್ದು ಚೀರಿ ಎದ್ದು ಕೂರೋದಕ್ಕೆ ನಿಮ್ಮಲ್ಲಿ ಬೇರೆ ಪದ ಇದೆಯಾ? ಮತ್ತೆ, ಅಜ್ಜಿಯರು ಅಂಜಿದ ಮಗುವನ್ನು ‘ಏನಾತೋ’ ಅಂತ ಕೇಳುವಾಗ ಯಾವ ಕ್ರಿಯಾಪದ ಬಳಸುತ್ತಾರೆ? ಕೇಳಿದ ಹಾಗೇ ಬರೆದು ಕಳಿಸಿ, ತಿದ್ದಬೇಡಿ.